ಪಾತ್ರೆ ಎತ್ತುವ ಮೊದಲಿನ ನೋಟ

ಇಬ್ಬರು ಸೇರಿ ಒಂದು ಕೆಲಸಕ್ಕೆ ಕೈಹಾಕಿದಾಗ, ಮಾತಿಗಿಂತ ಮೊದಲು ಕಣ್ಣುಗಳು ಒಪ್ಪಂದ ಮಾಡಿಕೊಂಡಿರುತ್ತವೆ. ಆ ಒಪ್ಪಂದ ಮಿದುಳಿನಲ್ಲಿ ಹೇಗೆ ಕುದುರುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಟೆಕ್ಸಸ್‌ನ ಮೂರು ನಗರಗಳ ಪ್ರಯೋಗಾಲಯಗಳು ಬಿಡಿಸಿ ತೋರಿಸುತ್ತಿವೆ.

ಹ್ಯೂಸ್ಟನ್ ನಗರದ ನೈರುತ್ಯಕ್ಕೆ ಅಂಟಿಕೊಂಡ ಪುಟ್ಟ ಊರು ಸ್ಟಾಫರ್ಡ್. ಅಲ್ಲಿನ ಸಭಾಂಗಣವೊಂದರಲ್ಲಿ ಯುಗಾದಿಯ ಊಟ. ಹಿಂದಿನ ಅಡುಗೆಮನೆಯಿಂದ ಬಡಿಸುವ ಮೇಜಿನ ತನಕ ದೊಡ್ಡ ದೊಡ್ಡ ಪಾತ್ರೆಗಳನ್ನು ಒಯ್ಯಬೇಕಿತ್ತು. ಬಿಸಿಬೇಳೆಬಾತಿನ ಪಾತ್ರೆಯ ಒಂದು ಹಿಡಿಗೆ ಕೈಹಾಕಿದವರು ಧಾರವಾಡದ ಕಡೆಯವರು, ಇನ್ನೊಂದು ಹಿಡಿಗೆ ಮೈಸೂರಿನವರು. ಇಬ್ಬರಿಗೂ ಅವತ್ತೇ ಪರಿಚಯ.

“ಎತ್ರೀ ಈಗ” ಅಂದರು ಧಾರವಾಡದವರು. “ಒಂದ್ನಿಮಿಷ ಸಾರ್” ಅಂದರು ಮೈಸೂರಿನವರು. ಅಷ್ಟರಲ್ಲಿ ಪಾತ್ರೆಯ ಒಂದು ಬದಿ ಎದ್ದಿತ್ತು, ಇನ್ನೊಂದು ಬದಿ ನೆಲದಲ್ಲೇ ಇತ್ತು. ಬಾತು ಅಂಚಿನಿಂದ ತುಳುಕಿತು. ಸಾರಿನ ಪಾತ್ರೆಗೆ ಬರುವಾಗ ಇಬ್ಬರೂ “ಒಂದು, ಎರಡು, ಮೂರು” ಎಂದು ಎಣಿಸಿದರು. ಮೊಸರನ್ನದ ಹೊತ್ತಿಗೆ ಎಣಿಕೆಯೂ ಬೇಕಾಗಲಿಲ್ಲ. ಬಾಗಿದರು, ತಲೆಯೆತ್ತಿ ಒಮ್ಮೆ ಮುಖ ನೋಡಿಕೊಂಡರು, ಪಾತ್ರೆ ಸಮನಾಗಿ ಮೇಲೆದ್ದಿತು.

ಅದೇ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಹದಿನೇಳು ಹದಿನೆಂಟರ ಹುಡುಗನೊಬ್ಬ ಊಟದ ತಟ್ಟೆಗಳನ್ನು ಒಂದರ ಪಕ್ಕ ಒಂದು, ಅಳತೆ ಹಿಡಿದ ಹಾಗೆ ಜೋಡಿಸುತ್ತಿದ್ದ. ನನ್ನ ಬಳಿ ನಿಂತಿದ್ದ ಹಿರಿಯರೊಬ್ಬರು ಮೆಲ್ಲನೆ ಹೇಳಿದರು: “ಒಳ್ಳೆ ಹುಡುಗ. ಆದರೆ ಯಾರಿಗೂ ಮುಖ ಕೊಟ್ಟು ಮಾತಾಡಲ್ಲ ನೋಡಿ.”

ಆ ಎರಡು ದೃಶ್ಯಗಳು ನನ್ನನ್ನು ಬಹಳ ದಿನ ಕಾಡಿದವು. ಒಂದು ನೋಟದಲ್ಲಿ ಇಬ್ಬರ ಕೈಗಳು ಒಂದಾದವು. ಒಂದು ನೋಟ ಸಿಗಲಿಲ್ಲವೆಂದು ಒಬ್ಬ ಹುಡುಗ ದೂರ ಉಳಿದ. ನೋಟಕ್ಕೆ ಇಷ್ಟು ಬಲ ಎಲ್ಲಿಂದ ಬಂತು? ಅದಕ್ಕೆ ಉತ್ತರ ಹುಡುಕುತ್ತಿರುವ ಪ್ರಯೋಗಾಲಯವೊಂದು ಸ್ಟಾಫರ್ಡ್‌ನಿಂದ ದೂರವೇನಿಲ್ಲ. ಊರ ನಡುವೆ ಹಾದುಹೋಗುವ 90ಎ ಹೆದ್ದಾರಿಯೇ ಈಶಾನ್ಯಕ್ಕೆ ಸಾಗಿ ಸೌತ್ ಮೇನ್ ರಸ್ತೆಯಾಗಿ ಟೆಕ್ಸಸ್ ಮೆಡಿಕಲ್ ಸೆಂಟರ್‌ನ ಆಸ್ಪತ್ರೆ, ಸಂಶೋಧನಾಲಯಗಳ ಸಾಲಿಗೆ ತಂದುಬಿಡುತ್ತದೆ.

ಒಂಟಿ ಮಿದುಳಿನಿಂದ ಜೋಡಿ ಮಿದುಳಿಗೆ

ಮಿದುಳಿನ ವಿಜ್ಞಾನ ಬಹುಕಾಲ ಮನುಷ್ಯನನ್ನು ಒಂಟಿಯಾಗಿಯೇ ನೋಡಿತು. ಕತ್ತಲೆ ಕೋಣೆ, ಎದುರಿಗೊಂದು ಪರದೆ, ಪರದೆಯ ಮೇಲೆ ಗೆರೆ ಅಥವಾ ಚುಕ್ಕೆ. ತಲೆ ಅಲ್ಲಾಡಿಸಬಾರದು, ಯಾರೊಂದಿಗೂ ಮಾತಾಡಬಾರದು. ದೃಷ್ಟಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಹೀಗೆಯೇ ಸಿಕ್ಕಿದ್ದು, ಅದರ ಬೆಲೆ ದೊಡ್ಡದು. ಆದರೆ ದಿನನಿತ್ಯ ನಾವು ನೋಡುವುದು ಚುಕ್ಕೆಗಳನ್ನಲ್ಲ. ಎದುರಿಗಿದ್ದವರು ಮುನಿದಿದ್ದಾರೋ ಒಲಿದಿದ್ದಾರೋ, ಬರುತ್ತಾರೋ ಹೋಗುತ್ತಾರೋ ಎಂದು ನೋಡುತ್ತೇವೆ. ಅವರೂ ನಮ್ಮನ್ನು ಹಾಗೆಯೇ ನೋಡುತ್ತಿರುತ್ತಾರೆ.

ಈ ಒಂಟಿತನದ ಗೋಡೆಯನ್ನು ಮೊದಲು ಒಡೆದವರಲ್ಲಿ ಹ್ಯೂಸ್ಟನ್‌ನ ಬೇಲರ್ ಕಾಲೇಜ್ ಆಫ್ ಮೆಡಿಸಿನ್‌ನಲ್ಲಿದ್ದ ರೀಡ್ ಮಾಂಟೇಗ್ ಒಬ್ಬರು. ಇಬ್ಬರನ್ನು ಎರಡು ಸ್ಕ್ಯಾನರ್‌ಗಳಲ್ಲಿ ಮಲಗಿಸಿ, ಅವರು ಪರಸ್ಪರ ವ್ಯವಹರಿಸುತ್ತಿರುವಾಗಲೇ ಎರಡೂ ಮಿದುಳುಗಳ ಚಿತ್ರ ತೆಗೆಯುವ ವಿಧಾನವನ್ನು ಅವರ ತಂಡ 2002ರಲ್ಲಿ ಪ್ರಕಟಿಸಿತು. ಅದಕ್ಕೆ ಅವರು ಕೊಟ್ಟ ಹೆಸರು ಹೈಪರ್‌ಸ್ಕ್ಯಾನಿಂಗ್.

2005ರಲ್ಲಿ ಬ್ರೂಕ್ಸ್ ಕಿಂಗ್-ಕಸಾಸ್, ಮಾಂಟೇಗ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ನಂಬಿಕೆಯ ಆಟದ ಫಲಿತಾಂಶ ಕೊಟ್ಟರು. ಒಬ್ಬರು ಹ್ಯೂಸ್ಟನ್‌ನ ಸ್ಕ್ಯಾನರ್‌ನಲ್ಲಿ, ಇನ್ನೊಬ್ಬರು ಎರಡು ಸಾವಿರ ಕಿಲೋಮೀಟರ್ ಆಚೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಇಂಥ 48 ಜೋಡಿಗಳು. ಪ್ರತಿ ಸುತ್ತಿನಲ್ಲಿ ಮೊದಲಿನವರ ಕೈಗೆ 20 ಡಾಲರ್. ಅದರಲ್ಲಿ ತಮಗೆ ಬೇಕಾದಷ್ಟನ್ನು ಆಚೆಯವರಿಗೆ ಕಳಿಸಬಹುದು, ಕಳಿಸಿದ್ದು ಮೂರು ಪಟ್ಟಾಗುತ್ತದೆ. ಪಡೆದವರು ಎಷ್ಟು ಮರಳಿಸುತ್ತಾರೆ ಎಂಬುದು ಅವರ ಮನಸ್ಸಿಗೆ ಬಿಟ್ಟದ್ದು. ಹೀಗೆ ಹತ್ತು ಸುತ್ತು.

ಮೊದಲ ಸುತ್ತುಗಳಲ್ಲಿ, ಎದುರಿನವರು ಕೊಟ್ಟದ್ದು ಕಂಡ ಮೇಲೆಯೇ ಪಡೆದವರ ಮಿದುಳಿನ ಕಾಡೇಟ್ ಎಂಬ ಭಾಗದಲ್ಲಿ ‘ಇವರಿಗೆ ಹೆಚ್ಚು ಮರಳಿಸೋಣ’ ಎಂಬ ಇರಾದೆಯ ಸುಳಿವು ಏಳುತ್ತಿತ್ತು. ಸುತ್ತುಗಳು ಕಳೆದಂತೆ ಅದೇ ಸುಳಿವು ಸುಮಾರು 14 ಸೆಕೆಂಡು ಮುಂಚೆ, ಅಂದರೆ ಹಣ ಕಾಣುವ ಮೊದಲೇ ಏಳತೊಡಗಿತು. ಎದುರಿನವರ ಹೆಸರು ಮಿದುಳಿನಲ್ಲಿ ಬೆಳೆದಿತ್ತು. ನಾವು ‘ಅವರು ನಂಬಿಕಸ್ಥರು’ ಎಂದು ಬಾಯಲ್ಲಿ ಹೇಳುವುದಕ್ಕೆ ಒಳಗೆ ಒಂದು ಗಡಿಯಾರವಿದೆ, ಪರಿಚಯ ಬಲಿತಂತೆ ಅದರ ಮುಳ್ಳು ಮುಂದಕ್ಕೆ ಸರಿಯುತ್ತದೆ ಎಂಬುದು ಆ ಪ್ರಯೋಗದ ಸಾರ.

ಆದರೂ ಅಲ್ಲೊಂದು ಕೊರತೆ ಉಳಿದಿತ್ತು. ಇಬ್ಬರೂ ಕೊಳವೆಯೊಳಗೆ ಅಲ್ಲಾಡದೆ ಮಲಗಿದ್ದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಪಾರದರ್ಶಕ ತಡೆಯ ಆಚೆ ಈಚೆ

ಆ ಕೊರತೆಗೆ ಕೈಹಾಕಿದವರು ಹ್ಯೂಸ್ಟನ್‌ನ ನರವಿಜ್ಞಾನಿ ವ್ಯಾಲೆಂಟಿನ್ ಡ್ರಾಗೋಯ್. ಕಣ್ಣಿನಿಂದ ಬಂದ ಮಾಹಿತಿಯನ್ನು ಮಿದುಳಿನ ಹೊರಪದರದ ನರಕೋಶಗಳು ಗುಂಪಾಗಿ ಹೇಗೆ ಅರಗಿಸಿಕೊಳ್ಳುತ್ತವೆ ಎಂಬುದೇ ಅವರ ಬಹುವರ್ಷಗಳ ಕೆಲಸ. ಮೆಲಿಸ್ಸಾ ಫ್ರಾಂಚ್ ಮೊದಲ ಲೇಖಕಿಯಾಗಿ ಅವರ ತಂಡ ಬರೆದ ಪ್ರಬಂಧ 2024ರ ಫೆಬ್ರುವರಿ ಕೊನೆಗೆ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಪ್ರಯೋಗದ ಏರ್ಪಾಡು ನಮ್ಮ ಪಾತ್ರೆ ಎತ್ತುವ ಕೆಲಸದ ಹಾಗೆಯೇ ಇದೆ. ಎರಡು ಕೋತಿಗಳ ನಡುವೆ ಪಾರದರ್ಶಕ ತಡೆ. ಒಂದಕ್ಕೊಂದು ಚೆನ್ನಾಗಿ ಕಾಣುತ್ತವೆ, ಮುಟ್ಟಲಾಗದು. ಪ್ರತಿಯೊಂದರ ಮುಂದೆ ಒಂದು ಗುಂಡಿ, ಸ್ವಲ್ಪ ದೂರದಲ್ಲಿ ತಿನಿಸಿಟ್ಟ ಒಂದು ತಟ್ಟೆ. ಇಬ್ಬರೂ ಒಂದೇ ಹೊತ್ತಿಗೆ ಗುಂಡಿ ಒತ್ತಿ ಹಿಡಿದರೆ ಮಾತ್ರ ತಟ್ಟೆಗಳು ಹತ್ತಿರ ಬರುತ್ತವೆ. ಒಬ್ಬರು ಅವಸರಪಟ್ಟರೆ ಇಬ್ಬರಿಗೂ ಇಲ್ಲ.

ಇಲ್ಲಿ ಹೊಸತೇನೆಂದರೆ ಕೋತಿಗಳು ಓಡಾಡಿಕೊಂಡಿದ್ದವು. ತಲೆಯನ್ನು ಬಿಗಿದಿರಲಿಲ್ಲ, ಕುರ್ಚಿಗೆ ಕಟ್ಟಿರಲಿಲ್ಲ. ಕೋತಿ ಯಾವ ಕ್ಷಣ ಎತ್ತ ನೋಡುತ್ತಿದೆ ಎಂಬುದನ್ನು ತಂತಿಯಿಲ್ಲದ ಕಣ್ಣಳತೆಯ ಸಾಧನ ಹಿಡಿಯುತ್ತಿತ್ತು. ಮಿದುಳಿನ ಎರಡು ಜಾಗಗಳಲ್ಲಿ ಕೂರಿಸಿದ್ದ ಕೂದಲೆಳೆಯಂಥ ವಿದ್ಯುದ್ವಾರಗಳು ನರಕೋಶಗಳ ಮಿಡಿತವನ್ನು ತಂತಿಯಿಲ್ಲದೆಯೇ ಕಳಿಸುತ್ತಿದ್ದವು. ಒಂದು ಜಾಗ ‘ವಿ4’, ದೃಷ್ಟಿಗೆ ಮೀಸಲಾದ ಹೊರಪದರದ ಭಾಗ. ಆಕಾರ, ಬಣ್ಣ ಅಲ್ಲಿ ಹದಗೊಳ್ಳುತ್ತವೆ. ಇನ್ನೊಂದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್. ಯೋಚಿಸುವುದು, ತಾಳುವುದು, ನಿರ್ಧರಿಸುವುದರಲ್ಲಿ ಅದರ ಪಾತ್ರ ದೊಡ್ಡದು.

ದಿನಗಳು, ವಾರಗಳು ಕಳೆದಂತೆ ಜೋಡಿಗಳು ಪಳಗಿದವು. ಒಂದು ಒತ್ತಿದ್ದಕ್ಕೂ ಇನ್ನೊಂದು ಒತ್ತಿದ್ದಕ್ಕೂ ನಡುವಿನ ಅಂತರ ಕಿರಿದಾಯಿತು. ಅದರ ಜೊತೆಗೇ ಇನ್ನೊಂದು ಬದಲಾವಣೆ ಕಂಡಿತು. ಗುಂಡಿ ಒತ್ತುವ ಮುಂಚೆ ಕೋತಿ ಜೊತೆಗಾರನ ಕಡೆಗೂ ತಿನಿಸಿನ ತಟ್ಟೆಯ ಕಡೆಗೂ ಕಣ್ಣು ಹಾಯಿಸುವುದು ಹೆಚ್ಚಾಯಿತು. ಹೊಂದಾಣಿಕೆ ಕಲಿಯುವುದೆಂದರೆ ಮೊದಲು ಎಲ್ಲಿ ನೋಡಬೇಕೆಂದು ಕಲಿಯುವುದು.

ಇನ್ನು ಒಳಗೆ ನಡೆದದ್ದು. ‘ವಿ4’ರ ನರಕೋಶಗಳೂ ಹಣೆಯ ಹಿಂದಿನ ನರಕೋಶಗಳೂ ಆ ನೋಟಗಳಿಗೆ ಸ್ಪಂದಿಸಿದವು. ಕಲಿಕೆ ಬಲಿತಂತೆ ಎರಡು ಭಾಗಗಳ ಮಿಡಿತಗಳ ಹೊಂದಾಣಿಕೆಯೂ ಬಿಗಿಯಾಯಿತು. ಜೊತೆಗಾರನನ್ನು ನೋಡಿದ ಕ್ಷಣದಲ್ಲಿ ನೋಡುವ ಭಾಗ, ನಿರ್ಧರಿಸುವ ಭಾಗ ತಾಳ ಕೂಡಿಸಿಕೊಂಡವು. ‘ವಿ4’ ಗಮನಕ್ಕೆ ಮಣಿಯುವ ಭಾಗ ಎಂಬುದು 1985ರಲ್ಲಿ ಜೆಫ್ರಿ ಮೋರನ್, ರಾಬರ್ಟ್ ಡೆಸಿಮೋನ್ ಮಾಡಿದ ಪ್ರಯೋಗದಿಂದಲೇ ತಿಳಿದಿತ್ತು. ಒಂದೇ ದೃಶ್ಯದಲ್ಲಿ ಎರಡು ವಸ್ತುಗಳಿದ್ದರೆ, ಗಮನವಿಟ್ಟ ವಸ್ತುವಿಗೆ ಅಲ್ಲಿನ ಕೋಶ ಓಗೊಡುತ್ತದೆ, ಮತ್ತೊಂದನ್ನು ಬದಿಗೆ ಸರಿಸುತ್ತದೆ. ಹ್ಯೂಸ್ಟನ್‌ನ ಕೆಲಸ ಅದಕ್ಕೆ ಸೇರಿಸಿದ್ದು, ಜೊತೆಗಾರನ ಇರವೂ ಅಷ್ಟು ಮುಂಚಿನ ಹಂತದಲ್ಲೇ ಲೆಕ್ಕಕ್ಕೆ ಬರುತ್ತದೆ ಎಂಬ ಮಾತನ್ನು. ಮೊದಲು ಕಣ್ಣು ಕಾಣುತ್ತದೆ, ಆಮೇಲೆ ಮನಸ್ಸು ‘ಇವರು ನನ್ನವರು’ ಎನ್ನುತ್ತದೆ ಎಂದು ನಾವು ತಿಳಿದಿದ್ದೆವು. ಕಾಣುವ ಕೆಲಸದೊಳಗೇ ‘ಯಾರೊಂದಿಗೆ’ ಎಂಬ ಪ್ರಶ್ನೆ ಬೆರೆತಿದೆ.

ಇದು ಎರಡು ಜೋಡಿ ಕೋತಿಗಳ ಮೇಲಿನ ಕೆಲಸ. ಮಿಡಿತಗಳು ಹೊಂದಿಕೊಂಡದ್ದರಿಂದಲೇ ಸಹಕಾರ ಬೆಳೆಯಿತೆಂದು ಇಷ್ಟರಿಂದಲೇ ಹೇಳಲಾಗದು. ಜೀವವಿರುವ ಮಿದುಳಿಗೆ ವಿದ್ಯುದ್ವಾರ ಇಳಿಸಿ ಪಡೆದ ಅರಿವು ಇದು ಎಂಬುದನ್ನೂ ಮರೆಯಬಾರದು. ಆ ಪ್ರಾಣಿಗಳ ಋಣ ನಮ್ಮ ಮೇಲಿದೆ.

ಬಂಡೀಪುರದ ಚಾಚಿದ ಕೈ

ವಿದ್ಯುದ್ವಾರವಿಲ್ಲದೆ, ಕಾಡಿನ ಅಂಚಿನಲ್ಲಿ ಕೂತು ನೋಡಿಯೇ ಇದಕ್ಕೆ ಹತ್ತಿರದ ಸತ್ಯವೊಂದನ್ನು ಕಂಡವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ದಶಕಗಳಿಂದ ದಕ್ಷಿಣ ಭಾರತದ ಬಾನೆಟ್ ಮಕಾಕ್ ಕೋತಿಗಳ ಸಂಸಾರವನ್ನು ಅಧ್ಯಯನ ಮಾಡುತ್ತ ಬಂದವರು. ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಅವರೊಡನೆ 2018ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ನೆಲ ಬಂಡೀಪುರ.

ಅಲ್ಲಿನ ಕೆಲವು ಕೋತಿಗಳು ಪ್ರವಾಸಿಗರ ಕಡೆಗೆ ಕೈಚಾಚಿ ‘ಕೂ’ ಎಂದು ಮೆಲುದನಿ ಹೊರಡಿಸಿ ತಿನಿಸು ಕೇಳುತ್ತವೆ. ಕೇಳುವಾಗ ಎದುರಿನ ಮನುಷ್ಯರ ಮುಖ ಯಾವ ಕಡೆಗಿದೆ, ಗಮನ ತಮ್ಮ ಮೇಲಿದೆಯೇ ಎಂಬುದನ್ನೂ ನೋಡಿಕೊಳ್ಳುತ್ತವೆ. ತಾನು ನೋಡುವುದು ಒಂದು ಹಂತ. ಎದುರಿನವರು ತನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡುವುದು ಅದಕ್ಕಿಂತ ಮೇಲಿನ ಹಂತ. ಪ್ರವಾಸಿಗರ ಬಿಸ್ಕತ್ತು ಕಾಡಿನ ಪ್ರಾಣಿಗೆ ಒಳ್ಳೆಯದಲ್ಲ, ಕೊಡಬಾರದು. ಆದರೆ ಆ ಚಾಚಿದ ಕೈಯಲ್ಲಿ ಗಮನದ ಗಣಿತ ಇದೆ ಎಂಬುದನ್ನು ಗುರುತಿಸಬೇಕು.

ಮನುಷ್ಯರಲ್ಲಿ ಈ ಗಣಿತ ತೊಟ್ಟಿಲಲ್ಲೇ ಶುರು. ಎದುರಿಗಿರುವ ದೊಡ್ಡವರು ತಲೆ ತಿರುಗಿಸಿ ನೋಡಿದ ಕಡೆಗೆ ಮಗುವೂ ನೋಡುತ್ತದೆ ಎಂಬುದನ್ನು ಮೈಕೆಲ್ ಸ್ಕೇಫ್ ಮತ್ತು ಜೆರೋಮ್ ಬ್ರೂನರ್ 1975ರಲ್ಲೇ ದಾಖಲಿಸಿದರು. ‘ಚಂದಮಾಮ ನೋಡು’ ಎಂದು ಅಜ್ಜಿ ಬೆರಳು ತೋರಿಸಿ ತುತ್ತು ಇಡುವಾಗ ಅನ್ನದ ಜೊತೆ ಒಂದು ಪಾಠವೂ ಒಳಗಿಳಿಯುತ್ತದೆ: ಇಬ್ಬರೂ ಸೇರಿ ಒಂದನ್ನೇ ನೋಡುವುದು. ದೊಡ್ಡವರಾದರೂ ಆ ಅಭ್ಯಾಸ ಬಿಡದು. 1969ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತಂಡ ನ್ಯೂಯಾರ್ಕ್‌ನ ರಸ್ತೆಬದಿಯಲ್ಲಿ ಒಬ್ಬರನ್ನು ನಿಲ್ಲಿಸಿ ಮೇಲಿನ ಕಿಟಕಿಯೊಂದನ್ನು ನೋಡಲು ಹೇಳಿತು. ದಾರಿಹೋಕರಲ್ಲಿ ನೂರಕ್ಕೆ 42 ಮಂದಿ ತಾವೂ ತಲೆಯೆತ್ತಿದರು. ಹದಿನೈದು ಜನರನ್ನು ನಿಲ್ಲಿಸಿದಾಗ 86 ಮಂದಿ.

ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುತ್ತಿದ್ದುದನ್ನು ನೋಡಿದವರಿಗೆ ಇದೆಲ್ಲ ಹೊಸತೆನಿಸದು. ಒಂದು ಒನಕೆ ಏರುವಾಗ ಇನ್ನೊಂದು ಇಳಿಯಬೇಕು. ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಯಕ್ಷಗಾನದ ರಂಗದಲ್ಲಿ ಮದ್ದಳೆಯವರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುತ್ತದೆ. ಗಮನವನ್ನು ಕೊಟ್ಟು ಕೊಂಡು ಬಾಳುವುದು ನಮ್ಮವರ ಕೈಗೆ ಮೊದಲೇ ಗೊತ್ತಿತ್ತು. ಅದು ಮಿದುಳಿನಲ್ಲಿ ಎಲ್ಲಿ ಕೂತಿದೆ ಎಂಬುದು ಈಗ ಗೊತ್ತಾಗುತ್ತಿದೆ.

ಕಿವಿಗೆ ಬಿದ್ದದ್ದೆಲ್ಲ ಕೇಳಿದ್ದಲ್ಲ

ನೋಟದಷ್ಟೇ ಆಲಿಸುವುದಕ್ಕೂ ಈ ಮಾತು ಸಲ್ಲುತ್ತದೆ. ಹ್ಯೂಸ್ಟನ್‌ನಿಂದ ಮೂರು ಗಂಟೆ ಹಾದಿಯ ಆಸ್ಟಿನ್‌ನಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದ ಜೆರ್ರಿ ಟ್ಯಾಂಗ್ ಮತ್ತು ಅಲೆಕ್ಸಾಂಡರ್ ಹತ್ 2023ರಲ್ಲಿ ಬೆರಗಿನ ಕೆಲಸವೊಂದನ್ನು ಪ್ರಕಟಿಸಿದರು. ಮೂವರನ್ನು ತಲಾ 16 ಗಂಟೆ ಕಾಲ ಸ್ಕ್ಯಾನರ್‌ನಲ್ಲಿ ಮಲಗಿಸಿ ಕತೆಗಳನ್ನು ಕೇಳಿಸಿದರು. ಆ ದಾಖಲೆಯಿಂದ ಕಲಿತ ಕಂಪ್ಯೂಟರ್, ಅವರು ಬೇರೆ ಕತೆ ಕೇಳುವಾಗ ಮಿದುಳಿನ ರಕ್ತಸಂಚಾರದ ಚಿತ್ರವನ್ನಷ್ಟೇ ನೋಡಿ ಕತೆಯ ಹುರುಳನ್ನು ವಾಕ್ಯಗಳಲ್ಲಿ ಕಟ್ಟಿಕೊಟ್ಟಿತು.

ಎರಡು ಕತೆಗಳನ್ನು ಒಟ್ಟಿಗೆ ಹಾಕಿ, ಒಂದಕ್ಕೆ ಮಾತ್ರ ಗಮನ ಕೊಡಲು ಹೇಳಿದಾಗ ಏನಾಯಿತು? ಕಂಪ್ಯೂಟರ್ ಹೊರತೆಗೆದದ್ದು ಅವರು ಗಮನ ಕೊಟ್ಟ ಕತೆಯನ್ನು. ಇನ್ನೊಂದು ಕತೆಯೂ ಅದೇ ಕಿವಿಗಳಿಗೆ ಬಿದ್ದಿತ್ತು. ಅವರು ಮನಸ್ಸಿನಲ್ಲೇ ಬೇರೆ ಕತೆ ಹೇಳಿಕೊಂಡರೆ, ಪ್ರಾಣಿಗಳ ಹೆಸರು ನೆನೆಸಿಕೊಂಡರೆ ಯಂತ್ರ ತಡವರಿಸಿತು.

ಊಟದ ಮೇಜಿನಲ್ಲಿ ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದಾಳೆ, ನಮ್ಮ ಕಣ್ಣು ಫೋನಿನ ಮೇಲಿದೆ. ‘ಕೇಳಿಸ್ತಾ ಇದೆ, ಹೇಳು’ ಎನ್ನುತ್ತೇವೆ. ಕಿವಿಗೆ ಬೀಳುತ್ತಿರುವುದು ನಿಜ. ಮಿದುಳಿಗೆ ತಲುಪುತ್ತಿರುವುದು ಬೇರೆ ಕತೆ. ಮಗಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಮುಖ ನೋಡಿ ಮಣೆ

ಇಷ್ಟು ಬಲದ ನೋಟ ತಪ್ಪಿದರೆ ಎಷ್ಟು ಕೆಡಿಸಬಲ್ಲದು ಎಂಬುದನ್ನು ಡಾಲಸ್‌ನ ಸಂಶೋಧನೆ ತೋರಿಸುತ್ತದೆ. ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನೋವಾ ಸ್ಯಾಸನ್ ಆಟಿಸಂ ಇರುವ ವಯಸ್ಕರ ಸಾಮಾಜಿಕ ಬದುಕನ್ನು ಅಧ್ಯಯನ ಮಾಡುತ್ತಾರೆ. ಆಟಿಸಂ ಇರುವವರಿಗೆ ಬೇರೆಯವರ ಮುಖಭಾವ ಓದಲು ಕಷ್ಟ, ಕಣ್ಣಿಗೆ ಕಣ್ಣಿಟ್ಟು ಮಾತಾಡಲು ಕಷ್ಟ ಎಂದು ದಶಕಗಳ ಸಂಶೋಧನೆ ಹೇಳಿತ್ತು. ಸ್ಯಾಸನ್ ತಂಡ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ಎದುರಿಗೆ ನಿಂತ ನಾವು ಅವರನ್ನು ಹೇಗೆ ನೋಡುತ್ತಿದ್ದೇವೆ?

2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಟಿಸಂ ಇರುವವರ, ಇಲ್ಲದವರ ಕಿರುದೃಶ್ಯಗಳನ್ನು ಅಪರಿಚಿತರಿಗೆ ತೋರಿಸಿದರು. ಯಾರಿಗೆ ಆಟಿಸಂ ಇದೆ ಎಂದು ನೋಡುವವರಿಗೆ ಹೇಳಿರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ತೀರ್ಪು ಬಂತು. ಆಟಿಸಂ ಇರುವವರ ಬಗ್ಗೆ ‘ಇವರ ಪಕ್ಕ ಕೂರಲಾರೆ, ಇವರೊಡನೆ ಮಾತಿಗೆ ಇಳಿಯಲಾರೆ’ ಎಂಬ ಅಳುಕು ಹೆಚ್ಚಾಗಿತ್ತು. ಬರೀ ಧ್ವನಿ ಕೇಳಿಸಿದರೂ ಅದೇ, ಧ್ವನಿಯಿಲ್ಲದ ದೃಶ್ಯ ತೋರಿಸಿದರೂ ಅದೇ, ಸ್ಥಿರ ಚಿತ್ರ ಕೊಟ್ಟರೂ ಅದೇ. ಕೊನೆಗೆ ಅವರು ಆಡಿದ ಮಾತನ್ನು ಬರಹದಲ್ಲಿ ಇಳಿಸಿ ಕೊಟ್ಟರು. ಆಗ ವ್ಯತ್ಯಾಸ ಮಾಯವಾಯಿತು.

ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅವರ ಮಾತಿನಲ್ಲಿ ಕೊರತೆಯಿರಲಿಲ್ಲ. ಹೇಳಿದ್ದೇನೆಂದು ಕೇಳುವ ಮೊದಲೇ ನಮ್ಮ ಮಿದುಳು ಹೇಗೆ ಹೇಳಿದರೆಂಬುದಕ್ಕೆ ಅಂಕ ಹಾಕಿ ಪುಸ್ತಕ ಮುಚ್ಚಿತ್ತು. ‘ಮುಖ ನೋಡಿ ಮಣೆ ಹಾಕುವುದು’ ಎಂದು ನಮ್ಮ ಹಿರಿಯರು ತಪ್ಪೆಂದು ಎತ್ತಿ ತೋರಿದ ನಡತೆ ಇದೇ.

ಮುಖ ಓದುವುದರಲ್ಲಿ ನಾವು ತೋರುವ ಧೈರ್ಯಕ್ಕೆ ತಕ್ಕ ಜಾಣತನ ನಮಗಿಲ್ಲ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಾಕ್ಷಿಯಿದೆ. ಹರೀಶ್ ಕಟ್ಟಿ ಮತ್ತು ಎಸ್.ಪಿ. ಅರುಣ್ ಸಾವಿರಕ್ಕೂ ಹೆಚ್ಚು ಭಾರತೀಯ ಮುಖಗಳ ಚಿತ್ರ ಸೇರಿಸಿ, ಇವರು ಉತ್ತರದವರೋ ದಕ್ಷಿಣದವರೋ ಎಂದು ಜನರನ್ನು ಕೇಳಿದರು. ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಉತ್ತರಗಳು ಮೇಲಿದ್ದವು, ಆದರೆ ತಪ್ಪುಗಳೂ ರಾಶಿಯಿದ್ದವು. 2019ರಲ್ಲಿ ಪ್ರಕಟವಾದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದನ್ನು ಕಠಿಣ ಕೆಲಸ ಎಂದು ಕರೆದಿದ್ದಾರೆ. ಹುಟ್ಟಿದ ಸೀಮೆಯನ್ನೇ ಖಚಿತವಾಗಿ ಓದಲಾಗದ ಕಣ್ಣು, ಒಳಗಿನ ಮನುಷ್ಯನನ್ನು ಹತ್ತು ಸೆಕೆಂಡಿನಲ್ಲಿ ಓದಿಬಿಟ್ಟೆನೆಂದು ಭಾವಿಸುತ್ತದೆ.

ಡಾಲಸ್‌ನ ಕತೆ ಅಲ್ಲಿಗೆ ಮುಗಿಯಲಿಲ್ಲ. ಎದುರಿನವರಿಗೆ ಆಟಿಸಂ ಇದೆಯೆಂದು ತಿಳಿದಾಗ, ಆಟಿಸಂ ಎಂದರೇನೆಂಬ ಅರಿವು ನೋಡುವವರಲ್ಲಿ ಹೆಚ್ಚಿದ್ದಾಗ ಮೊದಲ ಅಭಿಪ್ರಾಯ ಸುಧಾರಿಸುತ್ತದೆ ಎಂದು ಸ್ಯಾಸನ್ ಅವರ ಮುಂದಿನ ಅಧ್ಯಯನ ಕಂಡುಕೊಂಡಿತು. ಹ್ಯೂಸ್ಟನ್‌ನ ಕೋತಿಗಳು ಎಲ್ಲಿ ನೋಡಬೇಕೆಂದು ವಾರಗಟ್ಟಲೆ ಕಲಿತವು. ಮನುಷ್ಯರೂ ಕಲಿಯಬಲ್ಲರು. ನೋಟ ಹುಟ್ಟಿನಿಂದ ಬಂದ ತೀರ್ಪಲ್ಲ, ಅಭ್ಯಾಸದಿಂದ ಪಳಗುವ ವಿದ್ಯೆ. ಈ ಎಲ್ಲ ಸಂಶೋಧನೆಗಳಿಂದ ನಾನು ಕಟ್ಟಿಕೊಂಡ ಬುತ್ತಿ ಇಷ್ಟೇ.

ಕೈ ನೋಡಿ ಎತ್ತಿದ್ದು

ರಾಜ್ಯೋತ್ಸವದ ಊಟಕ್ಕೆ ಅದೇ ಸಭಾಂಗಣ. ಪಾಯಸದ ಪಾತ್ರೆಯ ಒಂದು ಹಿಡಿಗೆ ನಾನು ಕೈಹಾಕಿದಾಗ ಹತ್ತಿರವಿದ್ದವನು ಆ ತಟ್ಟೆ ಜೋಡಿಸುವ ಹುಡುಗ. “ಸ್ವಲ್ಪ ಕೈ ಕೊಡ್ತೀಯೇನಪ್ಪಾ?” ಎಂದೆ. ಬಂದು ಇನ್ನೊಂದು ಹಿಡಿಯ ಬಳಿ ಬಾಗಿದ. ಅಭ್ಯಾಸಬಲದಿಂದ ನಾನು ಅವನ ಮುಖ ನೋಡಿದೆ. ಅವನು ಮುಖ ಎತ್ತಲಿಲ್ಲ. ಅವನ ಕಣ್ಣು ಪಾತ್ರೆಯ ಅಂಚಿನಲ್ಲಿತ್ತು, ಆಮೇಲೆ ನನ್ನ ಬೆರಳುಗಳ ಮೇಲೆ ಬಂತು.

ಆಗ ಹೊಳೆಯಿತು. ಹ್ಯೂಸ್ಟನ್‌ನ ಕೋತಿಗಳು ಜೊತೆಗಾರನನ್ನಷ್ಟೇ ನೋಡಲಿಲ್ಲ, ಇಬ್ಬರಿಗೂ ಬೇಕಾದ ತಟ್ಟೆಯನ್ನೂ ನೋಡುತ್ತಿದ್ದವು. ಈ ಹುಡುಗ ಗಮನ ಕೊಟ್ಟಿರಲಿಲ್ಲ ಎಂದವರು ಯಾರು? ಅವನ ಗಮನವೆಲ್ಲ ಇಬ್ಬರೂ ಎತ್ತಬೇಕಾದ ಪಾತ್ರೆಯ ಮೇಲಿತ್ತು. ನೋಡಬೇಕಾದ ಜಾಗ ತಪ್ಪಿದ್ದು ನನ್ನದು.

ನಾನೂ ಅವನ ಬೆರಳುಗಳನ್ನು ನೋಡಿದೆ. ಅವು ಹಿಡಿಯ ಸುತ್ತ ಬಿಗಿದವು. ಎತ್ತಿದೆವು. ಒಂದು ಹನಿಯೂ ತುಳುಕಲಿಲ್ಲ.